ಸತ್ತ ಮಣ್ಣು

ಗಂಡ ಕರಾರಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಾಗ ಹೆಂಡತಿ ಗುದ್ದಲಿ ಹಿಡಿದು ಹೊಲಕ್ಕಿಳಿದಳು. "ಒಂದೈದು ನಿಮಿಷ ತಡೀರಿ."

ಹೊಲದ ಮೇಲ್ಮಣ್ಣನ್ನು ಮೂರಡಿ ಅಗೆದೊಯ್ಯಲು ಬಂದಿದ್ದ ಇಟ್ಟಿಗೆ ಗೂಡಿನವನು ಗಡಿಯಾರ ನೋಡಿಕೊಂಡ. "ಸತ್ತ ಮಣ್ಣು ಕಣೇ," ಎಂದ ಗಂಡ. "ಮೂರು ವರ್ಷದಿಂದ ಬಿತ್ತಿದ ಜೋಳವೂ ವಾಪಸ್ ಬಂದಿಲ್ಲ."

ತಾನೇ ಕೋಲು ನೆಟ್ಟು ಗುರುತು ಮಾಡಿದ್ದ ಜಾಗದಲ್ಲಿ ಅವಳು ಗೇಣಾಳ ಅಗೆದು, ಮೊಣಕಾಲೂರಿ, ಕೈಯಿಂದ ಕೆದಕಿ ಒಂದು ಎಲಾಸ್ಟಿಕ್ ಪಟ್ಟಿ ಎಳೆದಳು. ಅದಕ್ಕೆ ಹೊಲಿಗೆಯ ನಾಲ್ಕು ನೈಲಾನ್ ದಾರ, ಒಂದು ಎರೆಹುಳ ಜೋತುಬಿದ್ದಿದ್ದವು.

"ಇದು ನನ್ನ ಚಡ್ಡೀದಲ್ವಾ?" ಎಂದ ಗಂಡ. ಗಾಳಿಗೆ ಹಾರಿಹೋಯಿತೆಂದು ಎರಡು ತಿಂಗಳ ಹಿಂದೆ ಪಕ್ಕದ ಮನೆಯ ಹಿತ್ತಲೆಲ್ಲ ಹುಡುಕಿದ್ದ.

"ಹೌದು. ಅಪ್ಪಟ ಹತ್ತಿ. ನಾನೇ ಹೂತಿದ್ದೆ." ಅವಳು ಅದನ್ನು ಅವನ ಅಂಗೈಗಿಟ್ಟಳು. "ಎರಡೇ ತಿಂಗಳಿಗೆ ಈ ಮಣ್ಣು ಬಟ್ಟೆಯೆಲ್ಲ ತಿಂದು ಮುಗಿಸಿದೆ ನೋಡಿ. ಸತ್ತೋರು ಊಟ ಮಾಡ್ತಾರೇನ್ರೀ? ಮಣ್ಣು ಹಸಿದಿದೆ, ಅಷ್ಟೇ. ನಾವು ಬರೀ ಬೆಳೆ ಕೇಳಿದ್ವಿ, ಅದರ ಹೊಟ್ಟೆಗೆ ಏನೂ ಹಾಕಲಿಲ್ಲ."

ಗಂಡ ಎರೆಹುಳವನ್ನು ಬಿಡಿಸಿ ಗುಂಡಿಗೆ ಬಿಟ್ಟ, ಕಾಲಿಂದ ಮಣ್ಣೆಳೆದು ಮುಚ್ಚಿದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಗೂಡಿನವನಿಗೆ ವಾಪಸ್ ಕೊಟ್ಟ.

"ಗೊಬ್ಬರ ತರಿಸ್ಬೇಕು," ಎಂದ. "ಇಲ್ಲಾಂದ್ರೆ ನನ್ನ ಮೈಮೇಲೆ ಬಟ್ಟೆ ಉಳಿಯಲ್ಲ."