ಎರಡು ಬೆರಳು ಆಳ

ಮೌನೇಶ್ವರಿಯ ಶವ ಊರಿನಿಂದ ಮೂರು ಕಿಲೋಮೀಟರ್ ಕೆಳಗೆ, ಕಾಲುವೆಯ ಗೇಟಿನ ಸರಳುಗಳಿಗೆ ಆತು ನಿಂತಿತ್ತು. ಹದಿಮೂರು ವರ್ಷದ ಹುಡುಗಿ. ಎತ್ತಿ ದಂಡೆಯ ಮೇಲೆ ಮಲಗಿಸಿದಾಗಲೂ ಬಲಗೈ ಮುಷ್ಟಿ ಬಿಗಿದೇ ಇತ್ತು. ಬಿಡಿಸಿ ನೋಡಿದರೆ ಒಂದು ಮೊಳ ನೀಲಿ ನೈಲಾನ್ ಹಗ್ಗ. ಅದು ಯಾರದೆಂದು ಯಾರೂ ಕೇಳಲಿಲ್ಲ. ಎಲ್ಲರೂ ಚಂದ್ರಾಮಪ್ಪನ ಕಡೆ ನೋಡಿದರು.

ಹುಣಸಗಿ ರಸ್ತೆಯ ಆ ಊರಿನ ಪಕ್ಕ ಹರಿಯುವ ಕಾಲುವೆಗೆ ಎರಡೂ ಕಡೆ ಇಳಿಜಾರಾದ ಕಾಂಕ್ರೀಟ್ ಗೋಡೆ. ಪಾಚಿಗಟ್ಟಿದ ಆ ಗೋಡೆಯ ಮೇಲೆ ಒಮ್ಮೆ ಕಾಲು ಜಾರಿದರೆ ಈಜು ಬಲ್ಲವರೂ ಮೇಲೆ ಹತ್ತಲಾರರು. ಚಂದ್ರಾಮಪ್ಪ ಶಾಲೆಯ ಜವಾನಿಕೆಯಿಂದ ನಿವೃತ್ತನಾದ ವರ್ಷ, ಹಳೇ ಸೇತುವೆಯಿಂದ ಹೊಸ ಸೇತುವೆಯವರೆಗೆ ನಾಲ್ಕು ಕಡೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದ. ದಿನಾ ಬೆಳಿಗ್ಗೆ ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ, ನೇರ ಕಾಲುವೆಗೆ ಹೋಗಿ, ಒಂದೊಂದು ಹಗ್ಗವನ್ನೂ ಜಗ್ಗಿ ನೋಡಿ ಬರುತ್ತಿದ್ದ.

"ಊರ ಉಸಾಬರಿ ನಿಮಗ್ಯಾಕ?" ಎಂದು ಹೆಂಡತಿ ದೇವಕಮ್ಮ ಕೇಳಿದರೆ, "ಊರಿಂದಲ್ಲ, ಎರಡು ಸೇತುವಿ ನಡುವಿಂದು. ನನ್ನ ಕೈಗಿ ಎಟಕೋದು ಅಷ್ಟ" ಎನ್ನುತ್ತಿದ್ದ. ಆರು ವರ್ಷದಲ್ಲಿ ಮೂವರು ಆ ಹಗ್ಗಗಳನ್ನು ಹಿಡಿದು ಮೇಲೆ ಬಂದಿದ್ದರು.

ಈ ಸಲ ಡೆಂಗಿ ಜ್ವರ ಬಂದು ಹನ್ನೊಂದು ದಿನ ಹಾಸಿಗೆ ಹಿಡಿದವನು, ಹುಡುಗಿಯ ಸುದ್ದಿ ಕೇಳಿಯೇ ಎದ್ದು ಬಂದಿದ್ದ. ಬಿಸಿಲಿಗೆ ಬೆಂದ ನೈಲಾನು ಗಂಟಿನ ಹತ್ತಿರ ಎಳೆ ಬಿಟ್ಟಿದ್ದನ್ನು ನೋಡಲು ಬೇರೆ ಯಾರೂ ಹೋಗಿರಲಿಲ್ಲ.

ಸುರಪುರದ ಆಸ್ಪತ್ರೆಯಿಂದ ಶವ ಮನೆಗೆ ಬಂದಾಗ ಸಂಜೆಯಾಗಿತ್ತು. ಚಂದ್ರಾಮಪ್ಪ ಅಂಗಳದ ಅಂಚಿನಲ್ಲಿ ನಿಂತಿದ್ದ. ಹುಡುಗಿಯ ತಾಯಿ ಸಾಯಬಮ್ಮ ಗಂಡ ಸತ್ತ ಮೇಲೆ ಕೂಲಿ ಮಾಡಿ ಒಬ್ಬಳೇ ಮಗಳನ್ನು ಬೆಳೆಸಿದವಳು. ಅವಳು ಅಳುತ್ತಿರಲಿಲ್ಲ. ಹೆಣದ ಪಕ್ಕದಿಂದ ಎದ್ದು ಅವನ ಎದುರಿಗೆ ಬಂದು ನಿಂತಳು.

"ಮೊದಲ ಅರಿಬಿ ಒಗಿಯಾಕ ಹೊಸ ಸೇತುವಿ ಆಚಿ ಮೆಟ್ಟಿಲಿಗಿ ಹೋಗ್ತಿದ್ವಿ. ದೂರಾದ್ರೂ ಅಲ್ಲಿಗೇ ಹೋಗ್ತಿದ್ವಿ. ನೀ ಹಗ್ಗ ಕಟ್ಟಿದಿ. ಹಗ್ಗ ಐತಲ್ಲ ಅಂತ ಎಲ್ಲಾರೂ ಇಲ್ಲೇ ಇಳಿಯಾಕ ಹತ್ತಿದ್ರು. ನನ್ನ ಮಗಳೂ ಇಳದಳು."

"ಯವ್ವಾ, ನನಗ ಜ್ವರ..."

"ನಿನ್ನ ಹಗ್ಗ ಇರದಿದ್ರ ನನ್ನ ಕೂಸು ಉಳೀತಿತ್ತು."

ಹೋದ ವರ್ಷ ಅದೇ ಹಗ್ಗ ಹಿಡಿದು ಬದುಕಿದ ದ್ಯಾವಪ್ಪ ಅಲ್ಲೇ ಕೂತಿದ್ದ. ನೆಲ ನೋಡುತ್ತಿದ್ದ. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಮರುದಿನ ಚಂದ್ರಾಮಪ್ಪ ಉಳಿದ ಮೂರು ಹಗ್ಗಗಳನ್ನೂ ಬಿಚ್ಚಿ ತಂದ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಪಟದ ಮುಂದೆ ಕೂತರೆ ಮೊದಲನೆಯ ಶೀಲವೇ, ಜೀವ ತೆಗೆಯಲಾರೆ ಎಂಬ ಮಾತೇ, ಹೇಳಲಾಗದೆ ಎದ್ದುಬಿಡುತ್ತಿದ್ದ.

"ಆ ಮೂರು ಮಂದಿ ಉಳದಿದ್ದು ಏನೂ ಅಲ್ಲೇನು?" ಎಂದಳು ದೇವಕಮ್ಮ.

"ಅವರ ತಾಯಂದಿರು ಕೇಳಾಕ ಬಂದಿಲ್ಲ. ಈಕಿ ಕೇಳ್ಯಾಳ."

ಆ ವಾರ ನೀರು ಬಿಡುವ ಸರದಿ ಮುಗಿದು ಕಾಲುವೆ ಖಾಲಿಯಾಯಿತು. ಮತ್ತೆ ಬಿಡುವುದು ಹತ್ತು ದಿನಕ್ಕೆ. ಚಂದ್ರಾಮಪ್ಪ ಉಳಿ, ಸುತ್ತಿಗೆ ಹಿಡಿದು ಹುಡುಗಿ ಜಾರಿದ ಜಾಗಕ್ಕೆ ಹೋದ. ದಂಡೆಯಿಂದ ತಳದವರೆಗೆ, ಗೋಡೆಯಲ್ಲಿ ಕಾಲಿಡಲು ಸಣ್ಣ ಸಣ್ಣ ಗೂಡು ಕಡಿಯತೊಡಗಿದ. ಜ್ವರ ಬಿಟ್ಟ ಮೈ. ಹತ್ತು ಏಟಿಗೊಮ್ಮೆ ಉಸಿರು ಹಿಡಿಯಲು ಕೂರಬೇಕಾಗುತ್ತಿತ್ತು.

ಎರಡನೆಯ ದಿನ ಕಾಲುವೆಗೆ ನೀರು ಬಿಡುವ ನೀರಗಂಟಿ ಬಸಲಿಂಗ ದಂಡೆಯ ಮೇಲೆ ಬೈಕು ನಿಲ್ಲಿಸಿದ.

"ಏನ್ ಮಾಡಾಕತ್ತೀರಿ? ಸರ್ಕಾರದ ಗ್ವಾಡಿ ಒಡದ್ರ ಕೇಸಾಗತೈತಿ. ಪಿಂಚಣಿಗಿ ಕುತ್ತು ಬರತೈತಿ."

"ಒಡಿಯಾಕತ್ತಿಲ್ಲಪ್ಪ. ಕಾಲಿಡಾಕ ಜಾಗ ಮಾಡಾಕತ್ತೀನಿ."

"ನೀರು ಜಿನುಗಿದ್ರ?"

"ಎರಡು ಬೆರಳಿಗಿಂತ ಒಳಗ ಹೋಗಂಗಿಲ್ಲ."

ಬಸಲಿಂಗ ಬಗ್ಗಿ ಮೇಲಿನ ಗೂಡು ನೋಡಿದ. "ಸೋಮವಾರ ಸಾಹೇಬ್ರು ಬರ್ತಾರ. ಕೇಳಿದ್ರ ನಾ ನೋಡಿಲ್ಲ ಅನ್ನಾಕ ಆಗಂಗಿಲ್ರಿ" ಎಂದು ಹೊರಟುಹೋದ. ಅಂದಿನಿಂದ ಚಂದ್ರಾಮಪ್ಪ ಪ್ರತಿ ಗೂಡಿಗೂ ಬೆರಳಿಟ್ಟು ನೋಡಿ, ಎರಡು ಬೆರಳು ಆಳವಾದೊಡನೆ ಉಳಿ ತೆಗೆಯುತ್ತಿದ್ದ.

ಭಾನುವಾರದ ಹೊತ್ತಿಗೆ ಏಳು ಗೂಡು ಆಗಿದ್ದವು. ಅಂಗೈ ಒಡೆದು ಬಟ್ಟೆ ಸುತ್ತಿಕೊಂಡಿದ್ದ. ಮಧ್ಯಾಹ್ನ ಒಣಗಿದ ತಳದಲ್ಲಿ ನಿಂತು ತಲೆ ಎತ್ತಿದರೆ ದಂಡೆಯ ಮೇಲೆ ಸಾಯಬಮ್ಮ. ಮತ್ತೆ ಬೈಯಲು ಬಂದಿದ್ದಾಳೆ ಎಂದುಕೊಂಡು ಸುತ್ತಿಗೆ ಕೆಳಗಿಟ್ಟ.

ಅವಳು ಚಪ್ಪಲಿ ಬಿಟ್ಟಳು. ಗೋಡೆಗೆ ಮುಖ ಮಾಡಿ, ಮೊದಲ ಗೂಡಿನಲ್ಲಿ ಕಾಲಿಟ್ಟು, ಕೈಯೂರಿ ಇಳಿಯತೊಡಗಿದಳು. ಮೂರನೆಯದರಲ್ಲಿ ಕಾಲು ಜಾರಿತು. ಚಂದ್ರಾಮಪ್ಪ ಕೈಚಾಚಿದ. ಅವಳು ಹಿಡಿಯಲಿಲ್ಲ. ಮೊಣಕೈ ತರಚಿಕೊಂಡು ತಳಕ್ಕೆ ಬಂದಳು. ಸೆರಗಿನಿಂದ ರಕ್ತ ಒರೆಸಿಕೊಂಡು ಗೋಡೆಯ ಹತ್ತಿರ ಹೋಗಿ, ಕೆಳಗಿನ ಗೂಡಿನೊಳಗೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತಳು.

"ಇನ್ನೂ ಒಳಗ ಕಡೀರಿ ಕಾಕಾ," ಎಂದಳು. "ಇದರಾಗ ನನ್ನ ಮಗಳ ಪಾದ ಹಿಡೀತಿತ್ತು. ದೊಡ್ಡೋರದು ಹಿಡಿಯಂಗಿಲ್ಲ."