ದಿಗ್ಗೇವಾಡಿಯ ತಾಳೆ ತೋಟ

ಕಾರು ಚಿಕ್ಕೋಡಿ ದಾಟುವ ಹೊತ್ತಿಗೆ ಸಪನಾಳಿಗೆ ಖಾತ್ರಿಯಾಗಿಬಿಟ್ಟಿತು. ಇದು ಪ್ರವಾಸವಲ್ಲ, ವರ ನೋಡುವ ಕಾರ್ಯಕ್ರಮ.

ಪ್ರವಾಸಕ್ಕೆ ಹೊರಟವರು ಸೀರೆಯ ನೆರಿಗೆ ಮುರಿಯದಂತೆ ನೆಟ್ಟಗೆ ಕೂರುವುದಿಲ್ಲ. ಅವ್ವ ನೀಲಮ ಹೊಸ ಇಳಕಲ್ ಸೀರೆ ಉಟ್ಟು ಹಾಗೇ ಕೂತಿದ್ದಳು. ಕಾರು ಓಡಿಸುತ್ತಿದ್ದ ಸೋದರಮಾವ ಸಂಗ್ರಾಮ ಮೂರನೇ ಸಲ ಅದೇ ಮಾತು ಹೇಳಿದ.

"ಮೊದಲ ಹೇಳಿದ್ದs ಅಕ್ಕಾ. ಸಪನಾ ಹೂಂ ಅಂದ್ರಷ್ಟ ಮುಂದಿನ ಮಾತು."

"ಯಾವುದಕ್ಕ ಮಾಮಾ?"

"ಅಲ್ಲಿ ರಾತ್ರಿ ಉಳಿಯೂದಕ್ಕ ಬೇ," ಎಂದು ಸುಮ್ಮಸುಮ್ಮನೆ ಹಾರ್ನ್ ಹೊಡೆದ. ರಸ್ತೆಯಲ್ಲಿ ಒಂದು ಎಮ್ಮೆಯೂ ಇರಲಿಲ್ಲ.

ಸಪನಾ ನಿಪ್ಪಾಣಿಯ ಬ್ಯಾಂಕಿನಲ್ಲಿ ಗುಮಾಸ್ತೆ. ಇದುವರೆಗೆ ಬಂದ ಮೂರು ವರಗಳಿಗೂ ಅವಲಕ್ಕಿ ತಿನ್ನಿಸಿ ವಾಪಸು ಕಳಿಸಿದ್ದಳು. ಈ ಸೀಮೆಯಲ್ಲಿ ಅವಲಕ್ಕಿಯ ತಾಟು ಹಿಡಿದು ಬಂದವರನ್ನೇ ಎಲ್ಲರೂ ನೋಡುವುದು. ಕೈ ನಡುಗುತ್ತದೋ ಇಲ್ಲವೋ ಎಂದು ಗಮನಿಸುವ ಹಿರಿಯರೂ ಇರುತ್ತಾರೆ. ಸಪನಾಳ ಕೈ ಒಮ್ಮೆಯೂ ನಡುಗಿರಲಿಲ್ಲ. ಒಬ್ಬನ ಮೂಗು ಸರಿಯಿಲ್ಲ ಎಂದಳು, ಇನ್ನೊಬ್ಬ ಬಹಳ ಮಾತಾಡುತ್ತಾನೆ ಎಂದಳು, ಮೂರನೆಯವನು ಮಾತೇ ಆಡುವುದಿಲ್ಲ ಎಂದಳು.

ನಿಜವಾದ ಕಾರಣ ಬೇರೆ ಇತ್ತು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಬೇಡಕಿಹಾಳದ ಮನೆಯಲ್ಲಿ ಉಳಿದವರು ಇಬ್ಬರೇ. ತಾನು ಹೊರಟುಹೋದರೆ, ಸಂಜೆ ಅಂಗನವಾಡಿಯಿಂದ ಬಂದ ಅವ್ವ ಯಾರ ಜೊತೆ ಕೂತು ಚಹಾ ಕುಡಿಯಬೇಕು? ಇದನ್ನು ಅವ್ವನ ಮುಂದೆ ಒಮ್ಮೆಯೂ ಆಡಿರಲಿಲ್ಲ.

ದಿಗ್ಗೇವಾಡಿಯಲ್ಲಿ, ಕೃಷ್ಣೆಯ ದಂಡೆಗೆ, ಕಬ್ಬಿನ ಗದ್ದೆಗಳ ನಡುವೆ ಒಂದು ಬೋರ್ಡು: 'ಉಷ್ಣವಲಯ ವಿಹಾರ ತಾಣ. ತಾಳೆ ಗುರುತಿಸಿರಿ, ಮೀನು ಹಿಡಿಯಿರಿ.' ತೋಟದ ಯಜಮಾನ ಜ್ಞಾನದೇವ, ನಿವೃತ್ತ ಕೃಷಿ ಅಧಿಕಾರಿ. ಹೆಂಡತಿ ತೀರಿಕೊಂಡ ಮೇಲೆ ಹೊತ್ತು ಕಳೆಯಲು ಇಪ್ಪತ್ತೆರಡು ಜಾತಿಯ ತಾಳೆ ಬೆಳೆಸಿದ್ದ. ಮಗ ಸಂಭಾಜಿ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಇವತ್ತು ರಜೆ ಹಾಕಿ ಬಂದಿದ್ದ.

ವರ ಇವನೇ. ಮೂಗು ಚೆನ್ನಾಗಿಯೇ ಇತ್ತು, ಅದೊಂದು ತೊಂದರೆ.

"ನಿಮ್ಮ ಚಹಾಕ್ಕ ಸಕ್ಕರಿ ಹಾಕಿಲ್ರಿ," ಎಂದು ಜ್ಞಾನದೇವ ನೀಲಮಳಿಗೆ ಕಪ್ಪು ಕೊಟ್ಟ. ಮಾಮಾ ಫೋನಿನಲ್ಲಿ ಅವ್ವ ಸಕ್ಕರೆ ಬಿಟ್ಟದ್ದೂ ಸೇರಿ ಮನೆಯ ಸಮಾಚಾರವನ್ನೆಲ್ಲ ಒಪ್ಪಿಸಿದ್ದಾನೆ ಎಂದು ಸಪನಾ ಹಲ್ಲು ಕಡಿದಳು.

ತಾಳೆ ಗುರುತಿಸುವ ಸುತ್ತು ಶುರುವಾಯಿತು. ಕೈಗೊಂದು ಚೀಟಿ, ಮರ ಕಂಡಂತೆ ಗುರುತು ಹಾಕಬೇಕು. ಈಚಲು, ಬೈನೆ, ಶ್ರೀತಾಳೆ. ಅವ್ವ ಯಜಮಾನನ ಪಕ್ಕದಲ್ಲೇ ನಡೆದು ಎಲ್ಲದಕ್ಕೂ ಹೂಂಗುಟ್ಟಿದಳು.

"ಶ್ರೀತಾಳಿ ವಯಸ್ಸಾದ ಮ್ಯಾಲ ಒಮ್ಮೆ ಹೂ ಬಿಡತೈತ್ರಿ," ಎಂದ ಜ್ಞಾನದೇವ.

"ತಡಾ ಆದ್ರೂ ಹೂ ಹೂವsನ ಅಲ್ರಿ," ಎಂದಳು ಅವ್ವ.

"ಹೂ ಬಿಟ್ಟ ಮ್ಯಾಲ ಸಾಯತೈತಂತ. ಚೀಟ್ಯಾಗ ಐತಿ ನೋಡು," ಎಂದಳು ಸಪನಾ. ಅವ್ವ ಚೀಟಿ ಮಡಚಿ ಮುಂದಿನ ಮರದ ಕಡೆ ನಡೆದಳು.

ಸಂಭಾಜಿ ಹಿಂದೆ ಉಳಿದು ಜೊತೆಯಾದ. ಗಂಟಲು ಸರಿಮಾಡಿಕೊಂಡ. "ನಿಮ್ಮ ಮನ್ಯಾಗ ಸಿಟ್ಟು ಯಾರಿಗಿ ಜಾಸ್ತಿರಿ?"

"ಎಲ್ಲಾರಿಗೂ."

"ಅವ್ವಾರಿಗೂ?"

"ನನಗ ಅವರಿಂದs ಬಂದದ್ದು."

ಇರುವೆಯನ್ನೂ ದಾಟಿ ನಡೆಯುವ ಅವ್ವನ ಮೇಲೆ ಹೇಳಿದ ಸುಳ್ಳಿದು. ಸಂಭಾಜಿ ಗಂಭೀರವಾಗಿ ತಲೆಯಾಡಿಸಿದ. "ನಡೀತೈತಿ ಬಿಡ್ರಿ. ನಮ್ಮಪ್ಪಗ ಸಿಟ್ಟs ಬರಂಗಿಲ್ಲ." ತನ್ನ ಗುಣ ಹೇಳುವುದು ಬಿಟ್ಟು ಅಪ್ಪನ ಗುಣ ಹಾಡುವ ವರನನ್ನು ಸಪನಾ ಮೊದಲ ಸಲ ನೋಡಿದ್ದು. ಅಡುಗೆಗೊಬ್ಬ ಸೊಸೆ ಬೇಕಾಗಿದ್ದಾಳೆ, ಅಷ್ಟೇ.

ಹೊಳೆಯ ದಂಡೆಯಲ್ಲಿ ಜ್ಞಾನದೇವ ಗಾಳ ತೆಗೆದ. ಎರೆಹುಳವಿಲ್ಲ, ಕೊಕ್ಕೆಗೆ ಕೋಳಿಪುಕ್ಕ, ಕೆಂಪು ದಾರ ಸುತ್ತಿ ಮಾಡಿದ ನೊಣ. ಮೀನಿಗೆ ಅದೇ ಸಾಕು. ಎರಡು ಮಾರು ದೂರ ನಿಂತು ಅವ್ವನಿಗೆ ಬೀಸುವುದನ್ನು ಕಲಿಸಿದ. ನಾಲ್ಕನೇ ಬೀಸಿಗೆ ನೊಣ ಹೋಗಿ ಮಾಮಾನ ಟೋಪಿಗೆ ಕಚ್ಚಿತು. ಅವ್ವ ಹೊಟ್ಟೆ ಹಿಡಿದು ನಕ್ಕಳು. ಆ ನಗು ಕೇಳಿ ಸಪನಾಳಿಗೆ ಎಷ್ಟು ವರ್ಷವಾಗಿತ್ತೋ! ಸಂತೋಷವೂ ಆಯಿತು, ಬೀಗನಾಗುವವನ ಜೊತೆ ಇಷ್ಟು ಸಲಿಗೆ ಯಾಕೆ ಎಂದು ಮುನಿಸೂ ಬಂತು.

ನಗು ನಿಂತ ಮೇಲೆ ಅವ್ವ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ನಿನಗ ಎಲ್ಲಾ ತಿಳದೈತಿ, ಹೌದಿಲ್ಲೋ? ಬಾಯಿಬಿಟ್ಟು ಹೇಳಾಕ ನನಗ ಧೈರ್ಯ ಆಗಲಿಲ್ಲ."

"ಕಾರಿನ್ಯಾಗs ತಿಳೀತು."

"ಸಿಟ್ಟ ಬಂತೇನ?"

"ಅವಲಕ್ಕಿ ಹೊತ್ತಿಗೆ ಹೇಳ್ತೀನಿ."

ನಾಲ್ಕು ಗಂಟೆಗೆ ಪಡಸಾಲೆಯಲ್ಲಿ ಚಾಪೆ ಹಾಸಿದರು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಇನ್ನೇನು ಯಾರಾದರೂ 'ಸಪನಾ, ತಾಟು ತಗೊಂಬಾ' ಎನ್ನುತ್ತಾರೆ. ಅವಳು ಚಕ್ಕಳಮಕ್ಕಳ ಹಾಕಿ ಗಟ್ಟಿಯಾಗಿ ಕೂತಳು.

ಯಾರೂ ಕರೆಯಲಿಲ್ಲ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟ ಜ್ಞಾನದೇವನೇ ತಾಟು ಹಿಡಿದು ಬಂದ. ತಟ್ಟೆಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ಹಂಚಿ ಮುಗಿಸಿ, ಬಾಗಿಲ ಬಳಿ ತಲೆ ತಗ್ಗಿಸಿ ಕೂತ. ಮಗ ಕೈಜೋಡಿಸಬಾರದಿತ್ತೇ, ಪಾಪ, ಎಂದುಕೊಂಡಳು ಸಪನಾ.

"ಹಂಗಾರ ಸಪನಾ," ಎಂದ ಮಾಮಾ, "ಏನಂತಿ?"

ಸಪನಾ ತಟ್ಟೆ ಕೆಳಗಿಟ್ಟಳು. ಈ ಸಲ ಮೂಗಿನ ನೆಪ ನಡೆಯುವಂತಿರಲಿಲ್ಲ. ಒಂಬತ್ತು ವರ್ಷ ನುಂಗಿಕೊಂಡಿದ್ದನ್ನು ಎಲ್ಲರ ಮುಂದೆ ಹೇಳಿಯೇಬಿಟ್ಟಳು. "ಈ ಮದುವಿಗೆ ನನ್ನ ಒಪ್ಪಿಗಿ ಇಲ್ಲ ಮಾಮಾ. ಅವ್ವನ್ನ ಬಿಟ್ಟು ನಾ ಇರಂಗಿಲ್ಲ."

ಸಂಭಾಜಿ ಅಪ್ಪನ ಮುಖ ನೋಡಿದ. ಅಪ್ಪ ಖಾಲಿ ತಾಟು ನೋಡಿದ. ಅವ್ವ ಎದ್ದು ನಿಂತಳು. ನಿಧಾನವಾಗಿ ಹೊಸ ಸೀರೆಯ ಸೆರಗು ಸರಿಮಾಡಿಕೊಂಡಳು.

"ತಪ್ಪ ತಿಳೀಬ್ಯಾಡ್ರಿ ಜ್ಞಾನದೇವ ಅವ್ರ," ಎಂದಳು. "ನನ್ನ ಮಗಳು ಒಲ್ಲೆ ಅಂದ ಮ್ಯಾಲ ನಾ ನಿಮ್ಮನ್ನ ಮದುವಿ ಆಗಂಗಿಲ್ಲ."