ಸದ್ದಿಲ್ಲದ ಮಷೀನು

"ಪೆಟ್ರೋಲಿಂದೇ ಕೊಡಿ," ಎಂದ ಗಂಡ.

"ಬ್ಯಾಟರಿದು," ಎಂದಳು ಹೆಂಡತಿ.

ಹುಲ್ಲು ಕತ್ತರಿಸುವ ಎರಡು ಮಷೀನುಗಳ ನಡುವೆ ನಿಂತಿದ್ದ ಅಂಗಡಿಯವನು ಯಾರ ಮುಖ ನೋಡಬೇಕೆಂದು ತಿಳಿಯದೆ ಮಷೀನುಗಳನ್ನೇ ನೋಡಿದ. "ಪೆಟ್ರೋಲಿಂದಕ್ಕೆ ಶಕ್ತಿ ಜಾಸ್ತಿ ಸಾರ್. ಎಂಥ ಹುಲ್ಲಾದ್ರೂ ನುಂಗಿ ಹಾಕುತ್ತೆ. ಗಲಾಟೆನೂ ಅಷ್ಟೇ ಜಾಸ್ತಿ. ಬ್ಯಾಟರಿದು ಮೆತ್ತಗೆ ಹೋಗುತ್ತೆ. ಮಧ್ಯೆ ಚಾರ್ಜ್ ಮುಗಿದ್ರೆ ಕಾಯಬೇಕು, ಅಷ್ಟೆ."

"ಕೇಳಿದ್ಯಾ? ಅರ್ಧಕ್ಕೇ ಕೈಕೊಡುತ್ತೆ."

"ನಮ್ಮದೇನು ಆಟದ ಮೈದಾನನಾ? ಎರಡು ಚಾಪೆ ಹಾಸೋಷ್ಟು ಹುಲ್ಲಿದೆ." ಅವಳ ದನಿ ಏರಿತು. "ಹೋದ ಭಾನುವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ನಿಮ್ಮನ್ನ ಕೂಗ್ತಾನೇ ಇದ್ರು. ನೀವು ಆ ಹಳೇ ಪೆಟ್ರೋಲ್ ಮಷೀನ್ ಹಿಡ್ಕೊಂಡು ಕಿಟಕಿ ಪಕ್ಕದಲ್ಲೇ ಇದ್ರಿ. ನಾನು ಔಷಧಿ ತಗೊಂಡು ವಾಪಸ್ ಬರೋವರೆಗೂ ಅವರು ಒದ್ದೆ ನೆಲದ ಮೇಲೇ ಬಿದ್ದಿದ್ರಲ್ಲ!"

"ಸದ್ದಲ್ಲಿ ಕೇಳಿಸ್ಲಿಲ್ಲ ಅಂತ ಎಷ್ಟು ಸಲ ಹೇಳೋದು?"

"ಅದಕ್ಕೇ ಸದ್ದಿಲ್ಲದ್ದು ತಗೊಳ್ಳಿ ಅಂತಿರೋದು!"

"ಬೇಡ ಅಂದ್ರೆ ಬೇಡ!" ಗಂಡ ಸಿಡಿದ. "ಮನೇಲಿದ್ದಾಗೆಲ್ಲ ಮಗಾ, ಮಗಾ... ವಾರಕ್ಕೊಂದು ಗಂಟೆಯಾದ್ರೂ ಆ ಕೂಗು ನನ್ನ ಕಿವಿಗೆ ಬೀಳದೆ ಇರ್ಲಿ ಕಣೇ!"

ಬಾಯಿಂದ ಬಂದ ಮಾತಿಗೆ ಅವನೇ ಬೆಚ್ಚಿದ. ಅಂಗಡಿಯವನು ಏನೋ ಹುಡುಕುವವನಂತೆ ಒಳಗೆ ಸರಿದ.

ಹೆಂಡತಿ ಗಂಡನ ಎದುರಿಗೆ ಬಂದು ನಿಂತಳು. "ಅವರ ಮೈ ಒರೆಸೋಳು ನಾನು. ತುತ್ತು ತಿನ್ನಿಸೋಳು ನಾನು. ಕೈಹಿಡಿದು ಬಚ್ಚಲಿಗೆ ನಡೆಸೋಳು ನಾನು. ನನಗೆ ಅಂತ ಯಾವ ಗಂಟೆ ಇಟ್ಟಿದ್ದೀರಿ?"

ಅವಳು ಒಳಗೆ ಹೋಗಿದ್ದ ಅಂಗಡಿಯವನನ್ನು ಕೂಗಿದಳು. "ಬ್ಯಾಟರಿದೇ ಕಟ್ಟಿಸಿ ಅಣ್ಣಾ. ಇನ್ಮೇಲೆ ಹುಲ್ಲು ಕತ್ತರಿಸೋಳು ನಾನು."

ಮರು ಭಾನುವಾರ ಬೆಳಿಗ್ಗೆ ಅವಳು ಗಂಡನ ಹಳೆಯ ಶೂ ತೊಟ್ಟು ಅಂಗಳಕ್ಕಿಳಿದಳು. ಮೊದಲ ಸಾಲು ಸೊಟ್ಟಗೆ ಹೋಯಿತು. ಎರಡನೆಯದು ಪರವಾಗಿಲ್ಲ. ಮಷೀನು ನೊಣದಂತೆ ಗುಂಯ್‌ಗುಡುತ್ತಿತ್ತು. ಒಳಗಿಂದ ಅತ್ತೆಯ ದನಿ ಬಂತು. ತುಸು ಬಿಟ್ಟು ಮತ್ತೆ ಬಂತು. ಅವಳ ಕಾಲು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿತು. ಹಲ್ಲು ಕಚ್ಚಿ ನಿಂತಳು.

ಗಂಡ ಕಿಟಕಿಯಲ್ಲಿ ಕಾಣಿಸಿಕೊಂಡ, ಕೈಯಲ್ಲಿ ಪೇಪರು. "ಅಮ್ಮ ಆವಾಗಿಂದ ಕೂಗ್ತಿದ್ದಾಳೆ. ಕೇಳಿಸ್ತಿಲ್ವೇನೇ?"

"ಚೆನ್ನಾಗಿ ಕೇಳಿಸ್ತಿದೆ," ಎಂದಳು. "ಮಗಾ ಅಂತಿದ್ದಾರೆ."